ಸಾರಥಿಯ ಧರ್ಮ

(ಶ್ರಾವಣಮಾಸದ ಪ್ರವಚನಮಾಲೆಯಲ್ಲಿ ಶ್ರೀಮಠದ ಸಭಾಮಂಟಪದಲ್ಲಿ ದಯಪಾಲಿಸಿದ ಆಶೀರ್ವಚನ. ಧ್ವನಿಮುದ್ರಿಕೆಯಿಂದ ಬರೆದುಕೊಂಡದ್ದು.)



ಈ ಮಾಸದ ಪ್ರವಚನದಲ್ಲಿ ಪಂಚಾಚಾರಗಳ ವಿಚಾರ ನಡೆದಿದೆ. ಲಿಂಗಾಚಾರ, ಸದಾಚಾರ, ಶಿವಾಚಾರ ಈ ಮೂರನ್ನು ಹಿಂದಿನ ದಿನಗಳಲ್ಲಿ ಕೇಳಿದ್ದೀರಿ. ಇಂದಿನ ವಿಷಯ ಗಣಾಚಾರ. ತಾನು ಶುದ್ಧನಾಗಿದ್ದರೆ ಸಾಲದು, ಕಣ್ಣೆದುರಿಗೆ ನಡೆಯುವ ಅನಾಚಾರವನ್ನು ಕಂಡೂ ಕಾಣದಂತೆ ಇರಲಾಗದು ಎಂಬುದೇ ಗಣಾಚಾರದ ತಿರುಳು. ಆಚಾರದ ಮಾತನ್ನು ಮಠದ ಗೋಡೆಯೊಳಗೇ ಬಿಟ್ಟರೆ ಅದರಿಂದ ಯಾರಿಗೂ ಪ್ರಯೋಜನವಿಲ್ಲ. ಆದುದರಿಂದ ಇಂದು ಅದನ್ನು ರಸ್ತೆಗೆ ತೆಗೆದುಕೊಂಡು ಹೋಗೋಣ ಎಂದು ನಾವು ಮನಸ್ಸು ಮಾಡಿದ್ದೇವೆ.

ವಾಹನ ನಡೆಸುವವನ ರಕ್ತದಲ್ಲಿ ಮದ್ಯ ಎಷ್ಟಿದ್ದರೆ ಅಪರಾಧ? ಆ ಮಿತಿಯನ್ನು ಇನ್ನೂ ಇಳಿಸಬೇಕೆ? ಈ ಪ್ರಶ್ನೆ ಅನೇಕ ದೇಶಗಳಲ್ಲಿ ನಡೆದಿದೆ. ಕೆಲವರು ಭಕ್ತರು ನಮ್ಮನ್ನೂ ಕೇಳಿದ್ದುಂಟು. "ಬುದ್ಧಿ, ಇದು ಸರಕಾರದ ಕೆಲಸ, ಪೊಲೀಸರ ಕೆಲಸ, ಮಠಕ್ಕೇನು ಸಂಬಂಧ?" ಎಂದವರೂ ಉಂಟು. ಸಂಬಂಧವಿದೆ. ಈ ಸಂಜೆ ನೀವೆಲ್ಲ ಇಲ್ಲಿಗೆ ಬಂದದ್ದು ಹೇಗೆ? ಬಸ್ಸಿನಲ್ಲಿ ಬಂದಿರಿ, ಟೆಂಪೋದಲ್ಲಿ ಬಂದಿರಿ, ಟ್ರ್ಯಾಕ್ಟರಿನಲ್ಲಿ ಬಂದಿರಿ, ಮಗನ ಬೈಕಿನ ಹಿಂದೆ ಕುಳಿತು ಬಂದಿರಿ. ಪ್ರವಚನ ಮುಗಿದ ಮೇಲೆ ನಿಮ್ಮ ಪ್ರಾಣವನ್ನು ಇನ್ನೊಬ್ಬನ ಕೈಯಲ್ಲಿಟ್ಟು ಊರಿಗೆ ಹೋಗುತ್ತೀರಿ. ಆ ಕೈ ಹೇಗಿರಬೇಕು ಎಂಬುದು ಧರ್ಮದ ಪ್ರಶ್ನೆಯಲ್ಲವೆ?

ಮೊದಲು ನಮ್ಮ ದೇಶದ ಕಾಯಿದೆ ಏನು ಹೇಳುತ್ತದೆಂಬುದನ್ನು ತಿಳಿಯೋಣ. 1988ರ ಮೋಟಾರು ವಾಹನ ಕಾಯಿದೆಯಲ್ಲಿ 185ನೆಯ ಕಲಮು ಇದೆ. ಚಾಲಕನ 100 ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿದೆಯೆಂದು ಪರೀಕ್ಷೆಯಲ್ಲಿ ಕಂಡುಬಂದರೆ ಅದು ಅಪರಾಧ. 30 ಮಿಲಿಗ್ರಾಂ ಎಂದರೆ ಎಷ್ಟು? ಒಂದೆರಡು ಅಕ್ಕಿಕಾಳಿನ ತೂಕ. ಒಂದು ಚಿಕ್ಕ ಬಟ್ಟಲು ರಕ್ತದಲ್ಲಿ ಅಷ್ಟು. 2019ರಲ್ಲಿ ಕಾಯಿದೆಗೆ ತಿದ್ದುಪಡಿಯಾಯಿತು. ಮೊದಲ ತಪ್ಪಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಮತ್ತೆ ಅದೇ ತಪ್ಪು ಮಾಡಿದರೆ ಎರಡು ವರ್ಷದವರೆಗೆ ಸೆರೆವಾಸ, ಅಥವಾ 15,000 ರೂಪಾಯಿ ದಂಡ, ಅಥವಾ ಎರಡೂ.

ಈಗ ನೋಡಿ, ಜನ ಈ ಮಿತಿಯನ್ನು ಹೇಗೆ ಅರ್ಥಮಾಡಿಕೊಂಡಿದ್ದಾರೆ? "ಮೂವತ್ತರವರೆಗೆ ಸರಕಾರವೇ ಅಪ್ಪಣೆ ಕೊಟ್ಟಿದೆ, ಆದ್ದರಿಂದ ಒಂದು ಲೋಟಕ್ಕೆ ದೋಷವಿಲ್ಲ" ಎನ್ನುತ್ತಾರೆ. ಇದು ತಪ್ಪು ತಿಳಿವಳಿಕೆ. ಸಂಸ್ಕೃತದಲ್ಲಿ 'ಮಾ' ಎಂಬುದು ಅಳೆಯುವ ಅರ್ಥದ ಧಾತು. ಅದರಿಂದಲೇ ಮಿತಿ ಎಂಬ ಶಬ್ದ, ಅದರಿಂದಲೇ ಪ್ರಮಾಣ ಎಂಬ ಶಬ್ದ. ನ್ಯಾಯಾಲಯಕ್ಕೆ ಪ್ರಮಾಣ ಬೇಕು. ಪ್ರಮಾಣವಿಲ್ಲದೆ ಒಬ್ಬನನ್ನು ಶಿಕ್ಷಿಸಿದರೆ ಅದು ಅನ್ಯಾಯ. ಆದ್ದರಿಂದ ಕಾಯಿದೆ ಒಂದು ಅಂಕಿಯನ್ನು ಇಟ್ಟುಕೊಂಡಿದೆ. ಆ ಅಂಕಿ ಇರುವುದು ನ್ಯಾಯಾಧೀಶನ ಅನುಕೂಲಕ್ಕೆ, ಕುಡಿಯುವವನ ಅನುಕೂಲಕ್ಕಲ್ಲ. ಇಂತಿಷ್ಟು ಮೌಲ್ಯದ ವಸ್ತು ಕದ್ದರೆ ಇಂತಿಷ್ಟು ಶಿಕ್ಷೆ ಎಂದು ಬರೆದ ಮಾತ್ರಕ್ಕೆ ಅದಕ್ಕಿಂತ ಕಡಿಮೆಯದನ್ನು ಕದಿಯಲು ಅಪ್ಪಣೆ ಸಿಕ್ಕಿತೆಂದು ಯಾರಾದರೂ ತಿಳಿಯುತ್ತಾರೆಯೆ?

ಇನ್ನೊಂದು ಶಬ್ದವನ್ನು ಗಮನಿಸಿ. 'ಮದ್' ಎಂಬ ಧಾತುವಿನಿಂದ ಮದ ಎಂಬ ಶಬ್ದ ಬಂತು, ಮದ್ಯ ಎಂಬುದೂ ಬಂತು. ಅದೇ ಧಾತುವಿಗೆ 'ಪ್ರ' ಎಂಬ ಉಪಸರ್ಗ ಸೇರಿ ಪ್ರಮಾದ ಎಂದಾಯಿತು. ಪ್ರಮಾದವೆಂದರೆ ಎಚ್ಚರಗೇಡು. ನಮ್ಮ ನೆರೆಯ ತೆಲುಗು ನಾಡಿನವರು ರಸ್ತೆಯ ಅಪಘಾತಕ್ಕೆ ಹೇಳುವ ಮಾತು ಇದೇ, ಪ್ರಮಾದಂ. ಮತ್ತು ಬರಿಸುವ ವಸ್ತು, ಎಚ್ಚರ ತಪ್ಪುವ ಸ್ಥಿತಿ, ಅದರಿಂದ ಆಗುವ ಅನಾಹುತ, ಈ ಮೂರೂ ಒಂದೇ ಬೇರಿನಿಂದ ಹುಟ್ಟಿದವು. ಶಬ್ದಗಳನ್ನು ಕಟ್ಟಿದ ಹಿರಿಯರು ಮೋಟಾರು ವಾಹನವನ್ನು ಕಂಡವರಲ್ಲ, ಆದರೆ ಮನುಷ್ಯನನ್ನು ಕಂಡಿದ್ದರು.

ಕಠೋಪನಿಷತ್ತಿನಲ್ಲಿ ರಥದ ಒಂದು ರೂಪಕ ಬರುತ್ತದೆ. ಶರೀರವೇ ರಥ, ಇಂದ್ರಿಯಗಳೇ ಕುದುರೆಗಳು, ಮನಸ್ಸೇ ಲಗಾಮು, ಬುದ್ಧಿಯೇ ಸಾರಥಿ. ಅಧ್ಯಾತ್ಮವನ್ನು ತಿಳಿಸಲು ಹೇಳಿದ ಈ ಮಾತು ಮದ್ಯಪಾನದ ವಿಷಯದಲ್ಲಿ ಅಕ್ಷರಶಃ ನಿಜವಾಗುತ್ತದೆ. ಮದ್ಯವು ಮೊದಲು ಕುದುರೆಗಳನ್ನು ಕೆಡಿಸುವುದಿಲ್ಲ. ಕಣ್ಣು ಕಾಣುತ್ತಿರುತ್ತದೆ, ಕಾಲು ನಡೆಯುತ್ತಿರುತ್ತದೆ, ಮಾತು ಸ್ಪಷ್ಟವಾಗಿಯೇ ಇರುತ್ತದೆ. ಮೊದಲು ಕೆಡುವವನು ಸಾರಥಿ. ಯೋಗ್ಯಾಯೋಗ್ಯವನ್ನು ಅಳೆಯುವ ಬುದ್ಧಿ ಮೊದಲು ಮಂದವಾಗುತ್ತದೆ. ಆದ್ದರಿಂದಲೇ ಕುಡಿದವನು "ನನಗೇನೂ ಆಗಿಲ್ಲ" ಎಂದು ಎಲ್ಲರಿಗಿಂತ ಹೆಚ್ಚು ಧೈರ್ಯದಿಂದ ಹೇಳುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಸತ್ಯವನ್ನು ತಿಳಿಸಬೇಕಾದ ಸಾಧನವೇ ಮಂಕಾಗಿದೆ. ತಕ್ಕಡಿ ಕೆಟ್ಟ ಮೇಲೆ ಅದೇ ತಕ್ಕಡಿಯಿಂದ ಅದರ ಕೆಡುಕನ್ನು ತೂಗಲಾದೀತೆ?

ವೈದ್ಯರು ತಿಳಿಸುವ ಇನ್ನೆರಡು ಸಂಗತಿಗಳನ್ನು, ಮುಖ್ಯವಾಗಿ ಚಾಲಕರಾದ ಭಕ್ತರು, ಮನಸ್ಸಿಟ್ಟು ಕೇಳಬೇಕು. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಹೋಗುವ ವಾಹನ ಒಂದು ಸೆಕೆಂಡಿಗೆ ಸುಮಾರು 55 ಅಡಿ ಸಾಗುತ್ತದೆ. ಎದುರಿಗೆ ಮಗು ಓಡಿ ಬಂದಾಗ ಬ್ರೇಕಿನ ಮೇಲೆ ಕಾಲಿಡಲು ಅರ್ಧ ಸೆಕೆಂಡು ತಡವಾದರೆ ವಾಹನ 27 ಅಡಿ ಮುಂದೆ ಹೋಗಿರುತ್ತದೆ. ಈ ಅರ್ಧ ಸೆಕೆಂಡಿನಲ್ಲಿ ಮಗು ಉಳಿಯುತ್ತದೆ ಇಲ್ಲವೆ ಹೋಗುತ್ತದೆ. ಎರಡನೆಯದು, ಏರಿದ ಮದ್ಯ ಇಳಿಯುವ ವೇಗ. ಸಾಮಾನ್ಯವಾಗಿ ಒಂದು ಗಂಟೆಗೆ 15 ಮಿಲಿಗ್ರಾಮಿನಷ್ಟು ಮಾತ್ರ ಅದು ರಕ್ತದಿಂದ ಇಳಿಯುತ್ತದೆ. ಮಜ್ಜಿಗೆ ಕುಡಿದರೆ ಬೇಗ ಇಳಿಯದು, ನಿಂಬೆಹಣ್ಣಿನಿಂದ ಇಳಿಯದು, ಕಾಫಿಯಿಂದ ಇಳಿಯದು, ತಲೆಯ ಮೇಲೆ ತಣ್ಣೀರು ಸುರಿದುಕೊಂಡರೂ ಇಳಿಯದು. ಮದುವೆಯ ಹಿಂದಿನ ರಾತ್ರಿ ಹನ್ನೆರಡರವರೆಗೆ ಕುಡಿದು 150ಕ್ಕೆ ಏರಿಸಿಕೊಂಡವನು ಬೆಳಗಿನ ಆರು ಗಂಟೆಗೆ ಎದ್ದು, ಸ್ನಾನಮಾಡಿ, ವಿಭೂತಿ ಧರಿಸಿ, ದಿಬ್ಬಣದ ಟೆಂಪೋ ಹತ್ತಿದಾಗ ಅವನ ರಕ್ತದಲ್ಲಿ ಇನ್ನೂ ಸುಮಾರು 60 ಇರುತ್ತದೆ. ಕಾಯಿದೆಯ ಮಿತಿಯ ಎರಡರಷ್ಟು! ಅವನ ಬಾಯಿಂದ ವಾಸನೆ ಹೋಗಿರಬಹುದು, ಹಣೆಯ ಮೇಲೆ ವಿಭೂತಿಯೂ ಇದೆ. ಒಳಗಿನ ಸಾರಥಿ ಮಾತ್ರ ಇನ್ನೂ ಎದ್ದಿಲ್ಲ.

"ಮಾಡಿದ್ದುಣ್ಣೋ ಮಹಾರಾಯ" ಎಂಬ ಗಾದೆ ನಮ್ಮಲ್ಲಿದೆ. ರಸ್ತೆಯಲ್ಲಿ ಈ ಗಾದೆ ಸುಳ್ಳಾಗುತ್ತದೆ. ಅಲ್ಲಿ ಮಾಡಿದವನೊಬ್ಬ, ಉಣ್ಣುವವರು ಹಲವರು. 2025ರ ಅಕ್ಟೋಬರ್ 24ರ ಬೆಳಗಿನ ಜಾವ ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಬಸ್ಸೊಂದು ಕರ್ನೂಲಿನ ಹತ್ತಿರ ಚಿನ್ನಟೇಕೂರು ಎಂಬಲ್ಲಿ ಹೊತ್ತಿ ಉರಿಯಿತು. ಬಸ್ಸಿನಲ್ಲಿದ್ದ 19 ಪ್ರಯಾಣಿಕರು ಮಡಿದರು. ಮದ್ಯ ಸೇವಿಸಿದ್ದ ಒಬ್ಬ ಬೈಕ್ ಸವಾರ ಅದಕ್ಕೆ ಮೊದಲೇ ಜಾರಿ ಬಿದ್ದು ಸತ್ತಿದ್ದನು, ರಸ್ತೆಯ ಮೇಲೆ ಬಿದ್ದಿದ್ದ ಆ ಬೈಕಿಗೆ ಬಸ್ಸು ಢಿಕ್ಕಿಯಾಗಿ ಬೆಂಕಿ ಹತ್ತಿತು ಎಂದು ಪೊಲೀಸರು ತಿಳಿಸಿದರು. ಬಸ್ಸಿನ ಕಡೆಯ ಲೋಪಗಳೂ ವಿಚಾರಣೆಗೆ ಬಂದವು, ಅದನ್ನು ಮರೆಯಬಾರದು. ಆದರೆ ಯೋಚಿಸಿ ನೋಡಿ. ಆ ಬಸ್ಸಿನಲ್ಲಿ ನಿದ್ರಿಸುತ್ತಿದ್ದವರು ಆ ಸವಾರನ ಮುಖವನ್ನು ಕಂಡವರಲ್ಲ, ಅವನೊಡನೆ ಜಗಳವಾಡಿದವರಲ್ಲ. ಅವನ ಒಂದು ರಾತ್ರಿಯ ಮತ್ತು ಎಷ್ಟು ಮನೆಗಳ ದೀಪವನ್ನು ಆರಿಸಿತು! ನಮ್ಮ ದೇಶದಲ್ಲಿ 2022ನೆಯ ವರ್ಷ ಒಂದರಲ್ಲಿಯೇ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರೆಂದು ಕೇಂದ್ರ ಸರಕಾರದ ವರದಿಯೇ ಹೇಳಿದೆ. ಇವೆಲ್ಲವೂ ಕುಡಿತದಿಂದಲೇ ಆದವೆಂದು ನಾವು ಹೇಳುವುದಿಲ್ಲ. ಸರಕಾರದ ಲೆಕ್ಕದಲ್ಲಿ ಮೊದಲ ಕಾರಣ ಅತಿವೇಗ. ಆದರೆ ಹದದ ವೇಗವನ್ನು ಅತಿವೇಗ ಮಾಡುವ ಧೈರ್ಯ ಅನೇಕರಿಗೆ ಎಲ್ಲಿಂದ ಬರುತ್ತದೆಂಬುದನ್ನು ನೀವೇ ಬಲ್ಲಿರಿ.

ಇಲ್ಲಿ ಒಂದು ಆಕ್ಷೇಪವಿದೆ. "ಒಂದು ಲೋಟ ಕುಡಿದು ನೆಟ್ಟಗೆ ವಾಹನ ನಡೆಸುವವನು ಇದ್ದಾನೆ, ಕುಡಿಯದೆ ಅಡ್ಡಾದಿಡ್ಡಿ ನಡೆಸುವವನೂ ಇದ್ದಾನೆ. ಮಿತಿಯನ್ನು ಇಳಿಸಿದರೆ ಮೊದಲನೆಯವನಿಗೆ ಅನ್ಯಾಯವಲ್ಲವೆ?" ಎಂದು ಕೇಳುತ್ತಾರೆ. ಈ ಮಾತನ್ನು ತಳ್ಳಿಹಾಕದೆ ಉತ್ತರ ಹೇಳಬೇಕು. ಉತ್ತರಕ್ಕಾಗಿ ನಾವು ಅಂಬಿಗರ ಚೌಡಯ್ಯನವರ ಬಳಿಗೆ ಹೋಗೋಣ.

ಬಸವಣ್ಣನವರ ಕಾಲದ ಶರಣರಲ್ಲಿ ಚೌಡಯ್ಯನವರದು ದೋಣಿ ನಡೆಸುವ ಕಾಯಕ. ತುಂಗಭದ್ರೆಯ ದಂಡೆಯಲ್ಲಿ, ಇಂದಿನ ಹಾವೇರಿ ಜಿಲ್ಲೆಯಲ್ಲಿ, ಚೌಡಯ್ಯದಾನಪುರ ಎಂಬ ಊರು ಅವರ ಹೆಸರನ್ನು ಹೊತ್ತು ನಿಂತಿದೆ. ಶರಣರಲ್ಲಿ ಹೆಚ್ಚಿನವರು ತಮ್ಮ ವಚನಗಳಿಗೆ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟರು. ಚೌಡಯ್ಯನವರು ಹಾಗೆ ಮಾಡಲಿಲ್ಲ. ಅಂಬಿಗ ಚೌಡಯ್ಯ ಎಂಬ ತಮ್ಮ ಹೆಸರನ್ನೇ, ತಮ್ಮ ಕಾಯಕದೊಡನೆ, ಅಂಕಿತ ಮಾಡಿಕೊಂಡರು. ತನ್ನ ಕಾಯಕಕ್ಕೆ ತಾನೇ ಜಾಮೀನು ನಿಂತಂತೆ ನಮಗೆ ಇದು ತೋರುತ್ತದೆ. ತುಂಬಿದ ಹೊಳೆ, ದೋಣಿಯಲ್ಲಿ ಬಸುರಿಯರು, ಬಾಣಂತಿಯರು, ಕಂಕುಳ ಕೂಸು. ಅಂಥ ಹೊತ್ತಿನಲ್ಲಿ ಹುಟ್ಟು ಹಿಡಿದವನು "ನಾನು ಕೊಂಚವೇ ಕುಡಿದಿದ್ದೇನೆ, ಈಜು ಬಲ್ಲೆ" ಎಂದರೆ ನೀವು ದೋಣಿ ಹತ್ತುತ್ತೀರಾ? ಅವನು ಈಜು ಬಲ್ಲನು, ಕೂಸು ಬಲ್ಲುದೆ? ಒಂದು ಲೋಟದಿಂದ ಅವನಿಗೆ ಸಿಗುವುದು ಗಳಿಗೆಯ ಸುಖ. ಅದಕ್ಕಾಗಿ ಅವನು ಪಣಕ್ಕಿಡುವುದು ತನ್ನದಲ್ಲದ ಪ್ರಾಣ. ಅಪಾಯ ಸಣ್ಣದೇ ಇರಲಿ, ಪರರ ಪ್ರಾಣವನ್ನು ಪಣಕ್ಕಿಡುವ ಅಧಿಕಾರ ಅವನಿಗೆ ಯಾರು ಕೊಟ್ಟರು? ಆದ್ದರಿಂದ ಪರರನ್ನು ಹೊತ್ತು ನಡೆಸುವವನ ಮಿತಿ ಮೂವತ್ತೂ ಅಲ್ಲ, ಇಪ್ಪತ್ತೂ ಅಲ್ಲ. ಅವನ ಮಿತಿ ಸೊನ್ನೆ. ಬಸ್ಸು, ಲಾರಿ, ಶಾಲಾ ವಾಹನ ನಡೆಸುವವರಿಗಾದರೂ ಸರಕಾರ ಮಿತಿಯನ್ನು ಅಲ್ಲಿಗೇ ಇಳಿಸುವುದು ಧರ್ಮಸಮ್ಮತವೆಂದು ನಾವು ತಿಳಿಯುತ್ತೇವೆ. ಇದು ಹೊಸ ಕಲ್ಪನೆಯಲ್ಲ. ಐರ್ಲೆಂಡ್ ದೇಶದವರು 2011ರಲ್ಲಿ ಸಾಮಾನ್ಯ ಚಾಲಕರಿಗೆ 80 ಇದ್ದ ಮಿತಿಯನ್ನು 50ಕ್ಕೆ ಇಳಿಸಿದಾಗ, ಹೊಸದಾಗಿ ಕಲಿತವರಿಗೂ ಚಾಲನೆಯೇ ವೃತ್ತಿಯಾದವರಿಗೂ 20 ಎಂದು ಬೇರೆಯೇ ಗೊತ್ತುಮಾಡಿದರು.

ಹಾಗಾದರೆ ಅಂಕಿಯನ್ನು ಇಳಿಸಿದ ಕೂಡಲೇ ಎಲ್ಲ ಸರಿಹೋಗುವುದೆ? ಇಲ್ಲಿ ನಿಮಗೆ ಮೂರು ನಾಡುಗಳ ಸಂಗತಿ ಹೇಳುತ್ತೇವೆ. ಅಮೆರಿಕದ ಯೂಟಾ ರಾಜ್ಯದಲ್ಲಿ 2018ರ ಡಿಸೆಂಬರ್ ಕೊನೆಗೆ ಮಿತಿಯನ್ನು 80ರಿಂದ 50ಕ್ಕೆ ಇಳಿಸಿದರು. ಮರುವರ್ಷದ ಲೆಕ್ಕ ತೆಗೆದಾಗ, 2016ಕ್ಕೆ ಹೋಲಿಸಿದರೆ ಪ್ರಾಣಹಾನಿಯ ಅಪಘಾತಗಳ ಪ್ರಮಾಣ ಸುಮಾರು ಐದರಲ್ಲಿ ಒಂದು ಪಾಲು ತಗ್ಗಿತ್ತು. ಕುಡಿಯುವ ಅಭ್ಯಾಸವಿದ್ದವರಲ್ಲಿ ಐವರಿಗೆ ಒಬ್ಬರಿಗಿಂತ ಹೆಚ್ಚು ಜನ ಕಾಯಿದೆ ಬಂದ ಮೇಲೆ ತಮ್ಮ ನಡವಳಿಕೆ ಬದಲಿಸಿದೆವೆಂದರು. ಅವರಲ್ಲಿ ಹೆಚ್ಚಿನವರು ಮಾಡಿದ್ದು ಇಷ್ಟೇ: ಕುಡಿಯಲು ಹೋಗುವ ಮೊದಲೇ ಮನೆಗೆ ಮರಳಲು ಬೇರೆ ಏರ್ಪಾಡು ಮಾಡಿಕೊಂಡರು.

ಎರಡನೆಯದು ಸ್ಕಾಟ್ಲೆಂಡ್. ಅಲ್ಲಿಯೂ 2014ರ ಡಿಸೆಂಬರ್ 5ರಿಂದ 80 ಇದ್ದದ್ದು 50 ಆಯಿತು. ಗ್ಲಾಸ್ಗೋ ವಿಶ್ವವಿದ್ಯಾಲಯದ ವಿದ್ವಾಂಸರು ಹಿಂದಿನ ಮುಂದಿನ ಎರಡೆರಡು ವರ್ಷಗಳ ಲೆಕ್ಕವನ್ನು ಮಿತಿ ಬದಲಾಗದ ಇಂಗ್ಲೆಂಡ್ ಮತ್ತು ವೇಲ್ಸಿನೊಡನೆ ಹೋಲಿಸಿ ನೋಡಿದರು. ಅಪಘಾತಗಳು ತಗ್ಗಿರಲಿಲ್ಲ. ರಸ್ತೆಯಲ್ಲಿ ತಡೆದು ಪರೀಕ್ಷಿಸುವ ಕೆಲಸ ಸಾಕಷ್ಟು ಹೆಚ್ಚದೆ ಹೋದದ್ದು ಇದಕ್ಕೆ ಕಾರಣವಿರಬಹುದೆಂದು ಅವರು ಅಭಿಪ್ರಾಯಪಟ್ಟರು. ಒಂದೇ ಅಂಕಿ, ಒಂದೇ ಇಳಿಕೆ. ಒಂದು ಕಡೆ ಫಲ ಕೊಟ್ಟಿತು, ಇನ್ನೊಂದು ಕಡೆ ಕೊಡಲಿಲ್ಲ. ಬಿತ್ತಿದ ಬೀಜ ಒಂದೇ ಆದರೂ ಕಾವಲಿಲ್ಲದ ಹೊಲದ ಬೆಳೆ ಮನೆಗೆ ಬರುವುದಿಲ್ಲ ಎಂಬುದು ರೈತರಾದ ನಿಮಗೆ ಹೇಳಬೇಕಾದ ಮಾತಲ್ಲ.

ಮೂರನೆಯದು ಜಪಾನ್. ನಾವು ಇಂದು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. 1999ರಲ್ಲಿ ಅಲ್ಲಿಯ ಹೆದ್ದಾರಿಯಲ್ಲಿ ಕುಡಿದ ಲಾರಿ ಚಾಲಕನೊಬ್ಬ ಒಂದು ಕಾರಿಗೆ ಹಿಂದಿನಿಂದ ಗುದ್ದಿದನು. ಕಾರಿಗೆ ಬೆಂಕಿ ಹತ್ತಿ ಮೂರು ವರ್ಷದ ಮತ್ತು ಒಂದು ವರ್ಷದ ಅಕ್ಕತಂಗಿಯರು ತಂದೆತಾಯಿಗಳ ಕಣ್ಣೆದುರಿಗೇ ತೀರಿಕೊಂಡರು. ಆ ತಂದೆತಾಯಿಗಳು ಬೀದಿಗಿಳಿದು ಲಕ್ಷಾಂತರ ಜನರ ಸಹಿ ಸಂಗ್ರಹಿಸಿ ಸರಕಾರದ ಮುಂದಿಟ್ಟರು. 2001ರಲ್ಲಿ ಇಂಥ ಅಪರಾಧಕ್ಕೆ ಕಠಿಣ ಶಿಕ್ಷೆಯ ಕಾಯಿದೆಯಾಯಿತು. 2002ರಲ್ಲಿ ಮದ್ಯದ ಮಿತಿಯನ್ನು ಸುಮಾರು 50ಕ್ಕೆ ಸಮನಾದದ್ದರಿಂದ 30ಕ್ಕೆ ಸಮನಾದದ್ದಕ್ಕೆ ಇಳಿಸಿದರು. ಅಂದರೆ ನಮ್ಮ ದೇಶದ ಅಂಕಿಗೇ ಬಂದರು. ಅವರು ಅಲ್ಲಿಗೆ ನಿಲ್ಲಲಿಲ್ಲ. 2006ರಲ್ಲಿ ಮತ್ತೊಬ್ಬ ಕುಡುಕ ಚಾಲಕನಿಂದ ಒಂದೇ ಮನೆಯ ಮೂರು ಮಕ್ಕಳು ಕಾರಿನೊಡನೆ ಸಮುದ್ರಕ್ಕೆ ಬಿದ್ದು ಸತ್ತಾಗ ಇಡೀ ದೇಶ ನೊಂದಿತು. 2007ರ ಕಾಯಿದೆಯಲ್ಲಿ, ಕುಡಿದವನಿಗೆ ವಾಹನ ಕೊಟ್ಟವನೂ ಅಪರಾಧಿ, ವಾಹನ ನಡೆಸುವನೆಂದು ತಿಳಿದೂ ಮದ್ಯ ಕೊಟ್ಟವನೂ ಅಪರಾಧಿ, ಅವನು ಕುಡಿದದ್ದನ್ನು ತಿಳಿದೂ ತನ್ನನ್ನು ಕರೆದೊಯ್ಯೆಂದು ಕೇಳಿ ಪಕ್ಕದಲ್ಲಿ ಕುಳಿತವನೂ ಅಪರಾಧಿ ಎಂದಾಯಿತು. ಆ ದೇಶದಲ್ಲಿ ಕುಡಿದು ವಾಹನ ನಡೆಸಿ ಆಗುವ ಸಾವುಗಳು ಬಹಳ ಇಳಿದವು.

ಭಕ್ತರೇ, ಇದನ್ನು ಕೇಳಿದಾಗ ನಿಮಗೇನು ನೆನಪಾಗುತ್ತದೆ? ಸದಾಚಾರವೆಂದರೆ ತಾನು ಕುಡಿಯದೆ ಇರುವುದು. ಇತರರು ತಪ್ಪು ಮಾಡುವಾಗ ಮೌನದಿಂದ ಪಾಲುದಾರನಾಗದೆ ಇರುವುದು ಗಣಾಚಾರ. ಸಮುದ್ರದಾಚೆಯ ಜನ ಆರು ಮಕ್ಕಳನ್ನಲ್ಲ, ಐದು ಮಕ್ಕಳನ್ನು ಕಳೆದುಕೊಂಡ ದುಃಖದಿಂದ ಕಾಯಿದೆಯಲ್ಲಿ ಬರೆದುಕೊಂಡದ್ದನ್ನು ನಮ್ಮ ಶರಣರು ಆಚಾರದಲ್ಲಿಯೇ ಇಟ್ಟುಹೋಗಿದ್ದಾರೆ. ಅದನ್ನು ನಾವು ಬಾಯಲ್ಲಿ ಹೇಳುತ್ತೇವೆ, ಮದುವೆಯ ಮನೆಯಲ್ಲಿ ಮರೆಯುತ್ತೇವೆ.

ನಮ್ಮ ಊರುಗಳಲ್ಲಿ ನಡೆಯುವುದನ್ನೇ ನೋಡಿ. ಬೀಗರು ಬರುತ್ತಾರೆ. ಬೀಗರನ್ನು ಕರೆತಂದ ಡ್ರೈವರನನ್ನು ಮನೆಯ ಹಿಂದೆ ಕರೆದು "ಅಣ್ಣಾ, ನಿನಗೂ ಸ್ವಲ್ಪ" ಎಂದು ಕೊಡುತ್ತಾರೆ. ಕೊಡದಿದ್ದರೆ ಮರ್ಯಾದೆಗೆ ಕಡಿಮೆಯಂತೆ! ಲಾರಿಯ ಮಾಲೀಕ ಎರಡು ದಿನದ ದಾರಿಯನ್ನು ಒಂದೇ ದಿನದಲ್ಲಿ ಮುಗಿಸೆಂದು ಹೇಳುತ್ತಾನೆ. ನಿದ್ದೆಗೆಟ್ಟ ಚಾಲಕ ದಣಿವು ಮರೆಯಲು ಕುಡಿಯುತ್ತಾನೆ. ಅಪಘಾತವಾದಾಗ ಮಾಲೀಕನು "ಅವನು ಕುಡುಕ" ಎಂದು ಕೈತೊಳೆದುಕೊಳ್ಳುತ್ತಾನೆ. ಪಕ್ಕದಲ್ಲಿ ಕುಳಿತ ಗೆಳೆಯನಿಗೆ ವಾಸನೆ ಬಡಿಯುತ್ತಿದೆ. "ಏನಾದರೂ ಅಂದರೆ ಬೇಜಾರಾದಾನು" ಎಂದು ಸುಮ್ಮನೆ ಕುಳಿತುಕೊಳ್ಳುತ್ತಾನೆ. ಗೆಳೆಯನ ಒಂದು ಗಳಿಗೆಯ ಬೇಸರಕ್ಕೆ ಹೆದರಿ ಅವನ ಹೆಂಡತಿ ಮಕ್ಕಳ ಜೀವಮಾನದ ಕಣ್ಣೀರಿಗೆ ಹೆದರದವನನ್ನು ಗೆಳೆಯನೆಂದು ಕರೆಯುವುದು ಹೇಗೆ? ದಾಸೋಹವೆಂದರೆ ಬಂದವರಿಗೆ ಪ್ರಾಣ ಉಳಿಯುವುದನ್ನು ಕೊಡುವುದು. ಪ್ರಾಣ ಹೋಗುವುದನ್ನು ಕೊಟ್ಟು ಸತ್ಕಾರವೆನ್ನುವುದು ದಾಸೋಹವಾಗದು.

ಹೀಗೆಂದ ಮಾತ್ರಕ್ಕೆ ಕುಡಿಯುವವನನ್ನು ಹಗೆಯಂತೆ ಕಾಣಬೇಕೆಂದು ನಾವು ಹೇಳುತ್ತಿಲ್ಲ. ಶರಣರ ಕೂಟದಲ್ಲಿ ಹೆಂಡದ ಮಾರಯ್ಯನವರಿದ್ದರು. ಹೆಂಡ ಮಾರುವುದು ಅವರ ವೃತ್ತಿಯಾಗಿತ್ತೆಂದೂ, ಕೊಳ್ಳಲು ಬಂದವರಿಗೆ ಅವರೇ ಅದರ ಕೇಡನ್ನು ತಿಳಿಸಿ ಬುದ್ಧಿ ಹೇಳುತ್ತಿದ್ದರೆಂದೂ ಪರಂಪರೆ ಹೇಳುತ್ತದೆ. ಶರಣರು ಅವರನ್ನು ದೂರ ತಳ್ಳಲಿಲ್ಲ, ತಮ್ಮ ಸಾಲಿನಲ್ಲಿಯೇ ಕೂರಿಸಿಕೊಂಡರು. ಚಟಕ್ಕೆ ಸಿಕ್ಕ ಚಾಲಕನಿದ್ದರೆ ಅವನನ್ನು ಹೀಯಾಳಿಸಬೇಡಿ. ಕೀಲಿಕೈಯನ್ನು ಕೇಳಿ ಪಡೆಯಿರಿ, ಊಟ ಕೊಡಿ, ಮಲಗಲು ಹಾಸಿ. ಬೆಳಗಾದ ಮೇಲೂ ಅವನ ಮಾತನ್ನೇ ನಂಬದೆ ಗಂಟೆಗಳನ್ನು ಎಣಿಸಿ. ಮನೆಯವರು ಅವನನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ. ಇದೇ ನಿಜವಾದ ಕರುಣೆ.

ಆದ್ದರಿಂದ ಇಂದು ನಿಮ್ಮಿಂದ ಕೆಲವು ವಚನಗಳನ್ನು ಬೇಡುತ್ತೇವೆ. ವಾಹನ ನಡೆಸುವವರು, ಎಡಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಪೂಜಿಸುವ ಹೊತ್ತಿನಲ್ಲಿ ಒಂದು ಮಾತು ನೆನೆಯಿರಿ: ಲಿಂಗವನ್ನು ಹಿಡಿದ ಈ ಕರಸ್ಥಲವೇ ಸ್ಟೇರಿಂಗನ್ನೂ ಹಿಡಿಯುವುದು. ಅಲ್ಲಿ ಲಿಂಗ, ಇಲ್ಲಿ ಜೀವಗಳು. ಎರಡೂ ಅವನವೇ. ವಾಹನದ ಮಾಲೀಕರು, ಚಾಲಕನಿಗೆ ನಿದ್ದೆಗೆ ಬೇಕಾದಷ್ಟು ಹೊತ್ತು ಕೊಡದೆ ಬಾಡಿಗೆ ಒಪ್ಪಿಕೊಳ್ಳಬೇಡಿ. ಮದುವೆ ಮಾಡುವವರು, ಡ್ರೈವರನಿಗೆ ಮೊದಲ ಪಂಕ್ತಿಯಲ್ಲಿ ಊಟ ಬಡಿಸಿ, ಅದೇ ಅವನಿಗೆ ಮರ್ಯಾದೆ. ಪ್ರಯಾಣ ಮಾಡುವವರು, ಚಾಲಕ ಕುಡಿದಿದ್ದಾನೆಂದು ತಿಳಿದರೆ ವಾಹನದಿಂದ ಇಳಿಯಿರಿ, ಉಳಿದವರನ್ನೂ ಇಳಿಸಿ. ತಾಯಂದಿರೇ, ಈ ವಿಷಯದಲ್ಲಿ ನಿಮ್ಮ ಒಂದು ಮಾತಿಗೆ ಪೊಲೀಸರ ಯಂತ್ರಕ್ಕಿಂತ ಹೆಚ್ಚಿನ ಶಕ್ತಿಯಿದೆ. ಮಗ ಕೀಲಿಕೈ ತೆಗೆದುಕೊಳ್ಳುವಾಗ ಅವನ ಮುಖವನ್ನು ನೋಡಿ ಕಳಿಸಿರಿ.

ಬರಿದೇ ಇತರರಿಗೆ ಹೇಳಿ ಶ್ರೀಮಠ ಸುಮ್ಮನಿರುವುದು ತರವಲ್ಲ. ಜಾತ್ರೆಗೆ ಜನರನ್ನು ಹೊತ್ತು ತರುವ ಚಾಲಕರು ರಾತ್ರಿಯೆಲ್ಲ ವಾಹನದ ಮಗ್ಗುಲಲ್ಲಿ ಸೊಳ್ಳೆ ಕಚ್ಚಿಸಿಕೊಂಡು ಕೂರುವುದನ್ನು ನಾವು ಕಂಡಿದ್ದೇವೆ. ಬರುವ ಜಾತ್ರೆಯಿಂದ ಅವರಿಗಾಗಿ ಪ್ರಸಾದನಿಲಯದ ಒಂದು ಪಡಸಾಲೆಯನ್ನು ಮೀಸಲಿಡಲಾಗುವುದು. ಅಲ್ಲಿ ಊಟವಿರುತ್ತದೆ, ಹಾಸಿಗೆಯಿರುತ್ತದೆ. ಕುಡಿದವನು ಬಂದರೂ ಅವನನ್ನು ಹೊರಗೆ ಕಳಿಸುವುದಿಲ್ಲ, ಆದರೆ ಅವನ ಕೀಲಿಕೈ ಮಠದಲ್ಲಿರುತ್ತದೆ.

ಸರಕಾರ ಮಿತಿಯನ್ನು ಇಳಿಸಲಿ, ನಾವು ಅದನ್ನು ಸ್ವಾಗತಿಸುತ್ತೇವೆ. ಆದರೆ ರಸ್ತೆಯ ಪ್ರತಿಯೊಂದು ತಿರುವಿನಲ್ಲಿಯೂ ಪೊಲೀಸನನ್ನು ನಿಲ್ಲಿಸಲು ಯಾವ ಸರಕಾರಕ್ಕೂ ಆಗದು. ಪ್ರತಿಯೊಂದು ವಾಹನದಲ್ಲಿಯೂ ಚಾಲಕನ ಪಕ್ಕದಲ್ಲಿ ಒಬ್ಬ ಗಣಾಚಾರಿ ಕುಳಿತಿರುವುದು ಮಾತ್ರ ನಮ್ಮ ಕೈಯಲ್ಲಿಯೇ ಇದೆ. ಇಂದು ಊರಿಗೆ ಮರಳುವಾಗಲೇ ಅದನ್ನು ಆರಂಭಿಸಿರಿ. ಎಲ್ಲರೂ ಸುಖವಾಗಿ ಮನೆ ಸೇರಿರಿ. ಸರ್ವರಿಗೂ ಸನ್ಮಂಗಳವಾಗಲಿ.